ಸಿಂಕ್ ಕೆಳಗೆ ಮತ್ತೆ ಫ್ಲೆಕ್ಸಿಬಲ್ ಪೈಪೇ ಹಾಕಿಸೋದಾ, ಗಟ್ಟಿ ಪಿವಿಸಿ ಮಾಡಿಸೋದಾ? (ದಾವಣಗೆರೆ)

ನಿಟುವಳ್ಳಿ_ಬಾಡಿಗೆಮನೆ

ಅಡುಗೆಮನೆ ಸಿಂಕ್ ಮತ್ತೆ ಕಟ್ಟಿಕೊಂಡಿದೆ. ಕೆಳಗಿರೋದು ಆ ಬಿಳಿ ಸುಕ್ಕುಸುಕ್ಕಿನ ಫ್ಲೆಕ್ಸಿಬಲ್ ವೇಸ್ಟ್ ಪೈಪ್. ಕಟ್ಟಿಕೊಂಡಾಗಲೆಲ್ಲ ಯಾರಾದ್ರೂ ಬಂದು ಹಳೇದು ಕಿತ್ತೆಸೆದು ಅಂಥದ್ದೇ ಹೊಸದು ಹಾಕಿ ಹೋಗ್ತಾರೆ. ಸ್ವಲ್ಪ ದಿನ ಚೆನ್ನಾಗಿರುತ್ತೆ, ಆಮೇಲೆ ನೀರು ನಿಧಾನ ಆಗುತ್ತೆ, ಆಮೇಲೆ ನಿಂತೇ ಹೋಗುತ್ತೆ. ಈ ಸಲ ಪೈಪಿನ ಮಧ್ಯದಲ್ಲಿ ಸಣ್ಣಗೆ ಸೋರಿ ಕೆಳಗಿನ ಪ್ಲೈವುಡ್ ಕೂಡ ಉಬ್ಬಿದೆ.

ಸಿಂಕಿನ ಜಾಲರಿ ಒಂದು ಕಡೆ, ಗೋಡೆಯಲ್ಲಿ ಬಿಟ್ಟಿರೋ ಪೈಪಿನ ಬಾಯಿ ಎಡಕ್ಕೆ ಸುಮಾರು ಒಂದೂವರೆ ಅಡಿ ಆಚೆ, ನೆಲದಿಂದ ಒಂದಡಿ ಮೇಲೆ. ಪೈಪ್ ಉದ್ದ ಜಾಸ್ತಿ ಇದೆ ಅಂತ ಸುತ್ತು ಬಳಸಿ, ಮೇಲೆತ್ತಿ, ತಂತಿ ಕಟ್ಟಿದ್ದಾರೆ. "ಹಂಗೆ ಬಳಸಿದ್ರೇನೇ ವಾಸನೆ ಬರಲ್ಲ" ಅಂದ್ರು. ನಮ್ಮನೆಯವರು "ಅಗ್ಗದ್ದು ತಾನೆ, ಇನ್ನೊಂದು ಹಾಕಿಸು" ಅಂತಾರೆ. ಓನರ್ ಗೋಡೆ ಒಡೆಯೋಕೆ ಬಿಡಲ್ಲ. ಗೋಡೆ ಮುಟ್ಟದೆ ಗಟ್ಟಿ ಪೈಪ್ ಮಾಡಿಸೋಕೆ ಆಗುತ್ತಾ?

ಪಾನಾ_ಸ್ಪ್ಯಾನರ್

ಆಗ್ತೈತಿ ಅಕ್ಕ. ಅದಕ್ಕಿಂತ ಮೊದ್ಲು ಒಂದು ನೋಡಿ ಹೇಳ್ರಿ. ಗೋಡೆ ಒಳಗೆ ಹೋಗಿರೋ ಆ ಪೈಪು ಆಚೆ ಎಲ್ಲಿ ಬೀಳ್ತೈತಿ? ಪಾತ್ರೆ ತೊಳೆಯೋ ಜಾಗದ ನಹನಿ ಟ್ರ್ಯಾಪಿಗಾ, ಹೊರಗಿನ ಗಲ್ಲಿ ಟ್ರ್ಯಾಪಿಗಾ, ಇಲ್ಲ ನೇರ ಚೇಂಬರಿಗಾ? (ಟ್ರ್ಯಾಪ್ ಅಂದ್ರೆ ವಾಸನೆ ತಡೆಯೋಕೆ ಸ್ವಲ್ಪ ನೀರು ನಿಲ್ಲಿಸ್ಕೊಳ್ಳೋ ಭಾಗ. ನಹನಿ ನೆಲದ ಜಾಲರಿ ಕೆಳಗಿಂದು, ಗಲ್ಲಿ ಮನೆ ಆಚೆದು. ಚೇಂಬರ್ ಅಂದ್ರೆ ಕೊಳೆನೀರಿನ ಗುಂಡಿ.) ಅದು ಗೊತ್ತಾಗದೆ ಏನು ಹೇಳಿದ್ರೂ ಸುಮ್ನೆ ಮಾತು. ಸಿಂಕಿಗೆ ಒಂದು ಚೊಂಬು ನೀಲಿ ಹಾಕಿದ ನೀರು ಹುಯ್ದು, ಇನ್ನೊಬ್ರನ್ನ ಆಚೆ ನಿಲ್ಲಿಸಿ ನೋಡ್ರಿ.

ಎಂಸಿಸಿ_ಬಿ_ಬ್ಲಾಕ್

ಕಟ್ಟಡ ಕೆಲಸದಲ್ಲಿ ವರ್ಷಗಳ ಕಾಲ ಇದ್ದವನಾಗಿ ಹೇಳುತ್ತೇನೆ. ಅಡುಗೆಮನೆ ಸಿಂಕಿಗೆ ಸುಕ್ಕಿನ ಪೈಪ್ ಬೇಡ. ಕಾರಣ ಸರಳ: ಕೊಳೆನೀರಿನ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ನೀರು ತನ್ನ ಭಾರದಿಂದಷ್ಟೇ ಹರಿಯುತ್ತದೆ. ಹರಿಯುವಾಗ ಜೊತೆಗಿರುವ ಅನ್ನದ ಅಗುಳು, ಹಿಟ್ಟು, ಜಿಡ್ಡನ್ನೂ ಎಳೆದುಕೊಂಡು ಹೋಗಬೇಕು. ಒಳಮೈ ನುಣುಪಾಗಿದ್ದರೆ ಎಳೆದುಕೊಂಡು ಹೋಗುತ್ತದೆ. ಸುಕ್ಕಿದ್ದರೆ ಪ್ರತಿ ಮಡಿಕೆಯಲ್ಲೂ ಒಂದಿಷ್ಟು ನಿಲ್ಲುತ್ತದೆ. ನಿಂತದ್ದರ ಮೇಲೆ ಮತ್ತೊಂದಿಷ್ಟು ಹಿಡಿಯುತ್ತದೆ. ಹೊರಗಿನಿಂದ 40 ಮಿ.ಮೀ. ಕಾಣುವ ಪೈಪಿನಲ್ಲಿ ಕೆಲವು ತಿಂಗಳಿಗೆ ಬೆರಳು ತೂರುವಷ್ಟು ದಾರಿ ಉಳಿದಿರುತ್ತದೆ.

ಇಳಿಜಾರಿನ ಲೆಕ್ಕವೂ ಇದೆ. ಅಡ್ಡ ಹೋಗುವ ಸಣ್ಣ ಪೈಪಿಗೆ 40ಕ್ಕೆ 1ರಷ್ಟು ಇಳಿಜಾರು ಕೊಡಿ ಎನ್ನುತ್ತೇವೆ, ಅಂದರೆ ಒಂದು ಮೀಟರಿಗೆ ಎರಡೂವರೆ ಸೆಂಟಿಮೀಟರ್. ಫ್ಲೆಕ್ಸಿಬಲ್ ಪೈಪಿಗೆ ತನ್ನದೇ ಬೆನ್ನುಮೂಳೆ ಇಲ್ಲ. ಇವತ್ತು ನೇರ ಕಟ್ಟಿದರೂ ನೀರಿನ ಭಾರಕ್ಕೆ, ಬಿಸಿಗೆ ಮಧ್ಯದಲ್ಲಿ ಜೋತು ಬೀಳುತ್ತದೆ. ಜೋತ ಕಡೆ ನೀರು ನಿಲ್ಲುತ್ತದೆ, ಕೊಳೆ ತಳಕ್ಕೆ ಕೂರುತ್ತದೆ.

ಅಮೆರಿಕದ ಪ್ಲಂಬಿಂಗ್ ಕೋಡಿನಲ್ಲಿ, ಹರಿವಿಗೆ ಅಡ್ಡಿಯಾಗುವ ಅಂಚು, ಮೆಟ್ಟಿಲು ಪೈಪಿನ ಒಳಗೆ ಇರಬಾರದು ಎಂದೇ ಬರೆದಿದ್ದಾರೆ. ಅಲ್ಲಿನ ಅಂಗಡಿಗಳಲ್ಲೂ ಈ ಪೈಪ್ ಮಾರುತ್ತಾರೆ, ಜನ ಹಾಕುತ್ತಾರೆ, ಮನೆ ಮಾರುವಾಗ ತಪಾಸಣೆಗೆ ಬಂದವರು ಬೆರಳು ತೋರಿಸುತ್ತಾರೆ. ನಮ್ಮಲ್ಲಿ ತಪಾಸಣೆಗೆ ಬರುವುದು ಜಿರಳೆ.

ಬೆಣ್ಣೆ_ಹೆಂಚು

ಕೊನೇ ಸಾಲು ಸೂಪರ್ ಸರ್ 😄

ನಾನು ದೋಸೆ ಹೋಟೆಲಿನವನು. ಈ ಊರಲ್ಲಿ ಪೈಪಿನ ಮಾತು ಬಂದರೆ ಬೆಣ್ಣೆ ಬಿಟ್ಟು ಮಾತಾಡೋಕೆ ಆಗಲ್ಲ. ಬೆಣ್ಣೆ ಕರಗೋದು 32ರಿಂದ 35 ಡಿಗ್ರಿ ಹತ್ತಿರ. ತಟ್ಟೆ ತೊಳೆದ ಬಿಸಿನೀರಿನ ಜೊತೆ ಎಣ್ಣೆ ಥರ ಇಳಿಯುತ್ತೆ, ಪೈಪ್ ಒಳಗೆ ತಣ್ಣಗಾದ ತಕ್ಷಣ ಗಟ್ಟಿ. ಡಿಸೆಂಬರ್, ಜನವರಿ ಬೆಳಿಗ್ಗೆ ಕೇಳಲೇಬೇಡಿ. ಮೊದಲು ನಮ್ಮಲ್ಲೂ ಇದೇ ಸುಕ್ಕಿನ ಪೈಪ್ ಇತ್ತು. ಬಿಚ್ಚಿ ಕುಯ್ದು ನೋಡಿದಾಗ ಒಳಗೆ ಪಡ್ಡಿನ ಹಂಚಿನ ಕುಳಿಗೆ ಹಿಟ್ಟು ಹುಯ್ದಂಗೆ ಒಂದೊಂದು ಮಡಿಕೆಯಲ್ಲೂ ಜಿಡ್ಡು ಕೂತಿತ್ತು.

ಈಗ ತಟ್ಟೆ ಬಂದ ತಕ್ಷಣ ಹಳೇ ಪೇಪರಲ್ಲಿ ಒರೆಸಿ ಬುಟ್ಟಿಗೆ ಹಾಕ್ತೀವಿ, ಆಮೇಲೆ ನೀರು. ಸಿಂಕಿನ ಮುಂದೆ ಒಂದು ಗ್ರೀಸ್ ಟ್ರ್ಯಾಪ್ ಡಬ್ಬ ಇದೆ. ಅದರಲ್ಲಿ ನೀರು ನಿಧಾನ ಆಗಿ ಜಿಡ್ಡು ಮೇಲೆ ತೇಲುತ್ತೆ, ಕೆಳಗಿನ ನೀರು ಆಚೆ ಹೋಗುತ್ತೆ. ತೇಲಿದ್ದನ್ನ ತೆಗೀತಾ ಇರಬೇಕು, ಇಲ್ಲಾಂದ್ರೆ ಡಬ್ಬ ಇದ್ದೂ ಇಲ್ಲದಂಗೆ. ಮನೆಗೆ ಡಬ್ಬ ಬೇಡ, ಒರೆಸೋದು ಸಾಕು.

ದುರ್ಗದ_ಕಲ್ಲು

ಚಿತ್ರದುರ್ಗದಿಂದ. ನಮ್ಮನೇಲಿ ಈ ಪೈಪಿಗೆ ಕಾಟ ಜಿಡ್ಡಿಂದಲ್ಲ, ಇಲಿದು. ಗೋಡೆ ತೂತು ದೊಡ್ಡದು, ಪೈಪು ಸಣ್ಣದು, ಸುತ್ತ ಗೋಣಿಚೀಲ ತುರುಕಿದ್ರು. ಇಲಿ ಗೋಣಿ ಎಳೆದು, ಪೈಪು ಕಡಿದು, ಅಡುಗೆಮನೇಲಿ ಸಂಸಾರ ಹೂಡ್ತು. ಗಟ್ಟಿ ಪೈಪನ್ನೂ ಇಲಿ ಕಡಿಯುತ್ತೆ ಅಂತಾರೆ, ಆದ್ರೆ ಇದು ಅದಕ್ಕೆ ಹಪ್ಪಳ ತಿಂದಷ್ಟು ಸುಲಭ.

ಇನ್ನೊಂದು, ಇಳಿಜಾರಿನ ವಿಷಯಕ್ಕೆ ಹೇಳ್ತೀನಿ. ನಮ್ಮ ಕೋಟೇಲಿ ಮೇಲಿನ ಹೊಂಡ ತುಂಬಿ ಕೋಡಿ ಬಿದ್ದ ನೀರು ಕೆಳಗಿನ ಹೊಂಡಕ್ಕೆ ತಾನಾಗೇ ಇಳಿಯುತ್ತೆ. ಪಾಳೇಗಾರರ ಕಾಲದಲ್ಲಿ ಫ್ಲೆಕ್ಸಿಬಲ್ ಪೈಪ್ ಎಲ್ಲಿತ್ತು?

ಪಾನಾ_ಸ್ಪ್ಯಾನರ್

ಅಣ್ಣ, ಆ ಹೊಂಡದಾಗೆ ಬೆಣ್ಣೆದೋಸೆ ತಟ್ಟೆ ತೊಳೀತಿರ್ಲಿಲ್ಲ ಬಿಡ್ರಿ.

ಎಂಜಿನಿಯರ್ ಸರ್ ಹೇಳಿದ್ದು ಸರಿ ಐತಿ, ಆದ್ರೆ ಪ್ಲಂಬರ್ ಕಡೆಯಿಂದಲೂ ಒಂದು ಮಾತು. ಕಟ್ಟೋವಾಗ ಸಿಂಕ್ ಯಾವುದು ಅಂತ ತಂದಿರಲ್ಲ. ಗೋಡೆಗೆ ಅಂದಾಜಿನ ಮೇಲೆ ಪೈಪ್ ಬಿಟ್ಟು ಟೈಲ್ಸ್ ಹಾಕ್ತಾರೆ. ಆಮೇಲೆ ಮನೆಯವ್ರು ದೊಡ್ಡ, ಆಳದ ಸಿಂಕ್ ತರ್ತಾರೆ, ಗ್ರಾನೈಟಿನವನು ತನಗೆ ಬೇಕಾದ ಕಡೆ ಕುಯ್ತಾನೆ. ಕೊನೀಗೆ ಬರೋನು ನಾನು. ತೂತು ಇಲ್ಲೈತಿ, ಪೈಪು ಅಲ್ಲೈತಿ. "ಸಂಜೆ ಗೃಹಪ್ರವೇಶ, ಬೇಗ ಮುಗಿಸು" ಅಂತಾರೆ. ಆಗ ಫ್ಲೆಕ್ಸಿಬಲ್ ಬಿಟ್ರೆ ಗತಿ ಇಲ್ಲ. ಮೂರು ಜನ ಮಾಡಿದ ಓರೆಕೋರೆ ಎಲ್ಲ ಆ ಒಂದು ಪೈಪಿನ ತಲೆ ಮೇಲೆ.

ಕೈ ತೊಳೆಯೋ ಬೇಸಿನ್ನಿಗೆ 32 ಮಿ.ಮೀ. ಫ್ಲೆಕ್ಸಿಬಲ್ ಹಾಕೋದ್ರಲ್ಲಿ ನಾನು ತಪ್ಪು ನೋಡಲ್ಲ. ಗಿಡ್ಡ ಇರ್ಬೇಕು, ಕಣ್ಣಿಗೆ ಕಾಣೋ ಹಂಗೆ ಇರ್ಬೇಕು, ಕೈಯಾಗೆ ಬಿಚ್ಚೋಕೆ ಬರ್ಬೇಕು. ಅಲ್ಲಿ ಬರೋದು ಸೋಪು, ಕೂದಲು, ಪೇಸ್ಟು. ಬಿಚ್ಚಿ, ಕೊಡವಿ, ತೊಳೆದು ಹಾಕಿದ್ರೆ ಮುಗೀತು. ಗೋಡೆ ಒಳಗೆ, ನೆಲದ ಕೆಳಗೆ ಮಾತ್ರ ಹೂಳಬೇಡ್ರಿ. ಅದನ್ನ ಮಾಡೋರೂ ಅದಾರೆ.

ಅಡಿಕೆತೋಟ_ಚನ್ನಗಿರಿ

ಬಗ್ಗೋ ಪೈಪೇ ಬೇಕು ಅಂದ್ರೆ ಸಕ್ಷನ್ ಪೈಪ್ ಯಾಕೆ ಹಾಕಬಾರದು? ತೋಟದ ಮೋಟರಿಗೆ ಹಾಕ್ತೀವಲ್ಲ, ಹೊರಗೆ ಸುರುಳಿ ಕಾಣುತ್ತೆ, ಒಳಗೆ ನುಣುಪು. ದಪ್ಪ ಇರುತ್ತೆ, ಇಲಿ ಸುಲಭಕ್ಕೆ ಕಡಿಯಲ್ಲ. ಒಂದೂವರೆ ಇಂಚಿಂದು ಒಂದು ತುಂಡು ಕುಯ್ದು ಎರಡೂ ಕಡೆ ಸ್ಟೀಲ್ ಕ್ಲಿಪ್ ಬಿಗಿದ್ರೆ ಆಯ್ತು. ತೋಟದ ಮನೇಲಿ ನಾವು ಹಂಗೇ ಮಾಡಿರೋದು.

ಎಂಸಿಸಿ_ಬಿ_ಬ್ಲಾಕ್

ಸುಕ್ಕಿನದ್ದಕ್ಕಿಂತ ಎಷ್ಟೋ ವಾಸಿ, ಒಪ್ಪಿದೆ. ಒಳಗೆ ನಿಜಕ್ಕೂ ನುಣುಪಾಗಿದೆಯಾ ಎಂದು ಕೊಳ್ಳುವಾಗ ಬೆರಳಿಟ್ಟು ನೋಡಿ, ಕೆಲವು ಅಗ್ಗದವುಗಳಲ್ಲಿ ಒಳಗೂ ಅಲೆ ಇರುತ್ತದೆ. ತೊಡಕು ಎರಡು. ಒಂದು, ಅದು ಸುಲಭಕ್ಕೆ ಬಗ್ಗುವುದಿಲ್ಲ. ಒಂದೂವರೆ ಅಡಿಯೊಳಗೆ ಎರಡು ತಿರುವು ಕೊಡಲು ಹೋದರೆ ಮಡಚಿಕೊಂಡು ದಾರಿಯೇ ಸಣ್ಣದಾಗುತ್ತದೆ. ಎರಡು, ಅದೂ ಜೋಲುತ್ತದೆ. ಕೆಳಗಿಂದ ಒಂದು ಕ್ಲಾಂಪ್ ಆಸರೆ ಬೇಕೇ ಬೇಕು.

ಶಾಮನೂರು_ರಸ್ತೆ

ಇಷ್ಟೆಲ್ಲ ಯಾಕೆ, ಬಾಟಲ್ ಟ್ರ್ಯಾಪ್ ಹಾಕಿಸಿ. ನೋಡೋಕೂ ಚಂದ, ವಾಸನೆನೂ ಬರಲ್ಲ, ಕೆಳಗಿನ ಬಟ್ಟಲು ತಿರುಗಿಸಿ ತೆಗೆದ್ರೆ ಕಸ ಎಲ್ಲ ಕೈಗೆ ಬರುತ್ತೆ.

ಪಾನಾ_ಸ್ಪ್ಯಾನರ್

ಬೇಸಿನ್ನಿಗೆ ಹಾಕ್ರಿ, ಬಾಳ ಚಂದ. ಅಡುಗೆಮನೆಗೆ ಬೇಡ. ಬಾಟಲ್ ಒಳಗೆ ನೀರು ಇಳಿದು, ತಿರುಗಿ, ಮೇಲೆ ಹತ್ತಿ ಹೋಗ್ಬೇಕು. ಅನ್ನ, ಹಿಟ್ಟು ಹತ್ತಲ್ಲ, ತಳದಾಗೆ ಕೂರ್ತಾವ. ಜೋಳದ ಹಿಟ್ಟಿನ ಪರಾತ ತೊಳೆದ ನೀರು ಒಂದು ರಾತ್ರಿ ಅದರೊಳಗೆ ಇದ್ರೆ ಅಂಟು ಆಗ್ತೈತಿ. ಸಿಂಕಿಗೆ ಟ್ರ್ಯಾಪ್ ಬೇಕೇ ಬೇಕು ಅಂದ್ರೆ ನುಣುಪಾದ ಪಿ ಟ್ರ್ಯಾಪ್ (ಬಾಗಿದ ಪೈಪಿನ ಟ್ರ್ಯಾಪು) ಹಾಕ್ಬೇಕು. ಆದ್ರೆ ಬೇಕಾ ಅನ್ನೋದೇ ನನ್ನ ಮೊದಲಿನ ಪ್ರಶ್ನೆ. ನಿಟುವಳ್ಳಿ ಅಕ್ಕ, ಪೈಪು ಎಲ್ಲಿ ಬೀಳ್ತೈತಿ?

ನಿಟುವಳ್ಳಿ_ಬಾಡಿಗೆಮನೆ

ನೋಡಿದೆ. ಗೋಡೆ ಆಚೆ ಪಾತ್ರೆ ತೊಳೆಯೋ ಕಟ್ಟೆ ಇದೆ, ಅಲ್ಲಿ ನೆಲದ ಜಾಲರಿ ಕೆಳಗೆ ಬೀಳ್ತಿದೆ. ಜಾಲರಿ ತೆಗೆದ್ರೆ ಒಳಗೆ ಬಟ್ಟಲಿನ ಥರ ಇದೆ, ಯಾವಾಗಲೂ ನೀರು ನಿಂತಿರುತ್ತೆ. ಪಕ್ಕದಿಂದ ನಮ್ಮ ಸಿಂಕಿನ ನೀಲಿ ನೀರು ಬಂತು. ಬರೋವಾಗ ಗುಳುಗುಳು ಸದ್ದು.

ಪಾನಾ_ಸ್ಪ್ಯಾನರ್

ಹಾಂ, ಸಿಕ್ತು. ಅದೇ ನಹನಿ ಟ್ರ್ಯಾಪು. ವಾಸನೆ, ಜಿರಳೆ ತಡೆಯೋ ನೀರು ಅಲ್ಲೇ ಐತಿ. ಒಳಗೆ ಸಿಂಕ್ ಕೆಳಗೆ ಪೈಪನ್ನ ಸುತ್ತು ಬಳಸಿ ಇನ್ನೊಂದು ಟ್ರ್ಯಾಪ್ ಮಾಡಿದಾರೆ. ಎರಡು ಕಡೆ ನೀರು ನಿಂತ್ರೆ ನಡುವಿನ ಗಾಳಿಗೆ ಹೋಗೋಕೆ ದಾರಿ ಇಲ್ಲ. ನೀರು ಒಂದೇ ಸಲ ಬಂದಾಗ ಆ ಗಾಳಿ ಅಡ್ಡ ನಿಂತ್ಕೊಂತೈತಿ, ಅದೇ ಗುಳುಗುಳು. ನೀರು ನಿಧಾನ ಆಗೋಕೆ ಜಿಡ್ಡೂ ಕಾರಣ, ಇದೂ ಕಾರಣ.

ಆ ಬಳಸು ತೆಗೀರಿ. ನಿಮಗೆ ಸಿಂಕ್ ಕೆಳಗೆ ಟ್ರ್ಯಾಪೇ ಬೇಡ, ಇಳಿಜಾರು ಇದ್ರೆ ಸಾಕು.

ಎಂಸಿಸಿ_ಬಿ_ಬ್ಲಾಕ್

ಸರಿಯಾಗಿ ಹಿಡಿದಿರಿ. ಸೇರಿಸುವುದು ಇಷ್ಟೇ: ಆ ನಹನಿ ಟ್ರ್ಯಾಪಿನ ನೀರಿನ ತಡೆ ಸಾಮಾನ್ಯವಾಗಿ 50 ಮಿ.ಮೀ. ಇರಬೇಕು, ಅಂದರೆ ಒಳಗಿನ ತುಟಿಗಿಂತ ನೀರು ಎರಡು ಇಂಚು ಮೇಲೆ ನಿಲ್ಲಬೇಕು. ಫ್ಲೆಕ್ಸಿಬಲ್ ಪೈಪನ್ನು ತಂತಿಯಲ್ಲಿ ಎತ್ತಿ ಕಟ್ಟಿ ಮಾಡಿದ ಟ್ರ್ಯಾಪಿನಲ್ಲಿ ಈ ಆಳ ಲೆಕ್ಕಕ್ಕೇ ಸಿಗುವುದಿಲ್ಲ. ಕಸದ ಬುಟ್ಟಿ ತಾಗಿದರೆ ಬದಲು, ಹಿಂದೆ ಗ್ಯಾಸ್ ಸಿಲಿಂಡರ್ ಸರಿಸಿದರೆ ಬದಲು. ಸಿಂಕ್ ತುಂಬಾ ನೀರು ಒಮ್ಮೆಲೇ ಬಿಟ್ಟಾಗ ತನ್ನೊಳಗಿನ ನೀರನ್ನೂ ಹೀರಿಕೊಂಡು ಹೋಗಿಬಿಡುವುದೂ ಉಂಟು. ಆಮೇಲೆ ವಾಸನೆ ತಡೆಯಲು ಅಲ್ಲೇನೂ ಉಳಿದಿರುವುದಿಲ್ಲ.

ಪೈಪ್ ನೇರ ಚೇಂಬರಿಗೆ ಹೋಗಿದ್ದರೆ ಮಾತು ಬೇರೆ, ಆಗ ಸಿಂಕ್ ಕೆಳಗೆ ಟ್ರ್ಯಾಪ್ ಕಡ್ಡಾಯ. ಓದುವವರು ಇದನ್ನು ಎಲ್ಲ ಮನೆಗೂ ಅನ್ವಯಿಸಬೇಡಿ.

ನಿಟುವಳ್ಳಿ_ಬಾಡಿಗೆಮನೆ

ಹಾಗಾದ್ರೆ ಆ ಒಂದೂವರೆ ಅಡಿ ಓರೆ ಇದೆಯಲ್ಲ, ಅದಕ್ಕೆ ಗಟ್ಟಿ ಪೈಪ್ ಹೇಗೆ ಬಗ್ಗಿಸೋದು? ಬೆಂಕಿ ಹಿಡಿದು ಬಗ್ಗಿಸ್ತೀವಿ ಅಂತ ಒಬ್ಬರು ಹೇಳಿದ್ರು.

ಪಾನಾ_ಸ್ಪ್ಯಾನರ್

ಬೆಂಕಿ ಬೇಡ. ಕಾಸಿ ಬಗ್ಗಿಸಿದ ಕಡೆ ಪೈಪ್ ಚಪ್ಪಟೆ ಆಗ್ತೈತಿ, ಪೈಪಿನ ಮೈ ತೆಳ್ಳಗಾಗ್ತೈತಿ, ಹೊಗೆನೂ ಕೆಟ್ಟದ್ದು. 45 ಡಿಗ್ರಿ ಬೆಂಡ್ ಎರಡು ತಗೊಳ್ರಿ. ಸಿಂಕಿಂದ ಸ್ವಲ್ಪ ನೇರ ಕೆಳಗೆ ಬಂದು ಒಂದು 45, ಅಲ್ಲಿಂದ ಓರೆಯಾಗಿ ಗೋಡೆ ಪೈಪಿನ ಕಡೆ ಒಂದು ತುಂಡು, ಅಲ್ಲಿ ಇನ್ನೊಂದು ಬೆಂಡ್. ಕಟ್ಟೆ ಎತ್ತರ 33 ಇಂಚು ಹಿಡಿದ್ರೆ, ಸಿಂಕ್ ಆಳ 9, ಸಿಂಕಿನ ತೂತಿಗೆ ಬಿಗಿಯೋ ಕಪ್ಲಿಂಗ್ ಒಂದು 5 ಹೋದ್ರೂ 19 ಇಂಚಿನ ಎತ್ತರದಾಗೆ ಪೈಪ್ ಶುರು. ಗೋಡೆ ಬಾಯಿ 12 ಇಂಚಿಗೆ ಐತಿ. 7 ಇಂಚು ಇಳಿಯೋಕೆ ಸಿಕ್ತು, 18 ಇಂಚು ಅಡ್ಡ ಹೋಗೋಕೆ. ಪೂರ್ತಿ 45ರ ಓರೆ ಬರಲ್ಲ, ಓರೆ ಸಾಲದ ಕಡೆ ಸ್ವಲ್ಪ ಇಳಿಜಾರಿನ ಅಡ್ಡ ತುಂಡು ಸೇರಿಸ್ಬೇಕು. ಬೇಕಾದ್ದಕ್ಕಿಂತ ಜಾಸ್ತಿನೇ ಇಳಿಜಾರು ಸಿಗ್ತೈತಿ. 90ರ ಎಲ್ಬೋ ಎಷ್ಟು ಕಡಿಮೆ ಹಾಕಿದ್ರೆ ಅಷ್ಟು ಒಳ್ಳೇದು. ತಿರುಗ್ಲೇಬೇಕು ಅನ್ನೋ ಕಡೆ ಡೋರ್ ಬೆಂಡ್ ಹಾಕ್ರಿ, ಬಾಗ್ಲು ಬಿಚ್ಚಿ ಕಡ್ಡಿ ಹಾಕೋಕೆ ಬರ್ತೈತಿ.

ಸಿಂಕ್ ಕಪ್ಲಿಂಗ್ ಕಡೆ ಪೈಪ್ ಅಂಟಿಸೋ ಸಲ್ಯೂಷನ್ ಹಚ್ಚಬೇಡ್ರಿ. ನಟ್ಟು, ರಬ್ಬರ್ ವಾಷರ್ ಇರೋ ಅಡಾಪ್ಟರ್ ಬಿಗೀರಿ, ಯಾವಾಗ ಬೇಕಾದ್ರೂ ಬಿಚ್ಚಬಹುದು. ಗೋಡೆ ಕಡೆ ಪೈಪ್ ದೊಡ್ಡದಿರ್ತೈತಿ, ನಡುವಿನ ಸಂದಿಗೆ ಅದೇ ಅಳತೆಯ ರಬ್ಬರ್ ರಿಂಗ್ ಸಿಗ್ತಾವ. ಬಟ್ಟೆ, ಸಿಮೆಂಟು, ಎಂ-ಸೀಲ್ ತುಂಬಿದ್ರೆ ಮುಂದಿನ ಸಲ ಒಡೆಯೋದೇ ಕೆಲ್ಸ.

ಅಂಗಡಿ_ಗಲ್ಲಾ

ಹಾರ್ಡ್‌ವೇರ್ ಕೌಂಟರಿನಿಂದ ಎರಡು ಮಾತು. ಗಿರಾಕಿ ಬಂದು "ಸಿಂಕ್ ಪೈಪ್ ಕೊಡಿ" ಅಂದ್ರೆ ನಾವು ಫ್ಲೆಕ್ಸಿಬಲ್ಲೇ ಕೊಡೋದು, ಯಾಕಂದ್ರೆ ಅದಕ್ಕೆ ಅಳತೆ ಕೇಳೋ ಹಾಗಿಲ್ಲ. ಗಟ್ಟಿ ಲೈನಿಗೆ ಬೇಕು ಅಂದ್ರೆ ಅಳತೆ ತನ್ನಿ: ಕಪ್ಲಿಂಗ್ ಥ್ರೆಡ್ 40ರದ್ದಾ 32ರದ್ದಾ, ಗೋಡೆ ಪೈಪು 50ಆ 63ಆ 75ಆ. ಫೋನಲ್ಲಿ ಫೋಟೋ ಸಾಲಲ್ಲ, ಪಕ್ಕದಲ್ಲಿ ಟೇಪ್ ಹಿಡಿದು ತೆಗೀರಿ.

ಫ್ಲೆಕ್ಸಿಬಲ್ಲಲ್ಲೂ ಎರಡು ಥರ. ತೆಳುವಿನದ್ದು ಉಗುರಲ್ಲಿ ಒತ್ತಿದ್ರೆ ಬಿಳಿ ಗೆರೆ ಬೀಳುತ್ತೆ. ದಪ್ಪದ್ದಕ್ಕೆ ಬೀಳಲ್ಲ. ಎಳೆದು ಉದ್ದ ಮಾಡೋ ಥರದ್ದು ಇನ್ನೂ ಬೇಡ. ಎಳೆದಷ್ಟೂ ಪೈಪಿನ ಮೈ ತೆಳು, ಮಡಿಕೆ ಮೂಲೆಯಲ್ಲಿ ಸೀಳು ಅಲ್ಲಿಂದಲೇ ಶುರು. ನಿಟುವಳ್ಳಿ ಮೇಡಂ ಪೈಪ್ ಮಧ್ಯದಲ್ಲಿ ಸೋರಿದ್ದು ಅದಕ್ಕೇ ಇರಬೇಕು.

ಎಂಸಿಸಿ_ಬಿ_ಬ್ಲಾಕ್

ಗಟ್ಟಿ ಪೈಪ್ ಕೊಳ್ಳುವಾಗ ಐಎಸ್ 13592 ಎಂದು ಮುದ್ರೆ ಇರುವುದನ್ನು ಕೇಳಿ. ಎಸ್‌ಡಬ್ಲ್ಯುಆರ್ (ಮಲ, ಕೊಳೆನೀರು, ಮಳೆನೀರಿನ ಪೈಪ್) ಎಂದು ಕರೆಯುತ್ತಾರೆ. ಅದರಲ್ಲಿ ಟೈಪ್ ಎ ಮಳೆನೀರು ಮತ್ತು ಗಾಳಿ ಕೊಳವೆಗೆ, ಟೈಪ್ ಬಿ ಕೊಳೆನೀರು, ಮಲದ ಪೈಪಿಗೆ. ಬಿ ದಪ್ಪ ಹೆಚ್ಚು. 40, 50, 63, 75 ಎಲ್ಲ ಹೊರಗಿನ ವ್ಯಾಸದ ಅಳತೆ. ಕುಡಿಯುವ ನೀರಿನ ಪಿವಿಸಿ ಐಎಸ್ 4985, ಅದು ಬೇರೆ. ತುಂಡು ಉಳಿದಿದೆ ಎಂದು ಅದನ್ನೇ ಹಾಕಿದರೆ ಸೋರುವುದೇನಿಲ್ಲ, ಆದರೆ ಅದರ ಎಲ್ಬೋಗಳು ಇಕ್ಕಟ್ಟಾಗಿ ತಿರುಗುತ್ತವೆ. ಕೊಳೆನೀರಿನ ಬೆಂಡ್ ಸ್ವಲ್ಪ ಅಗಲವಾಗಿ ಬಾಗಿರುತ್ತದೆ.

ವಿದ್ಯಾನಗರ_ಓನರ್

ಓನರ್ ಕಡೆಯಿಂದ ಯಾರೂ ಮಾತಾಡಿಲ್ಲ, ನಾನು ಮಾತಾಡ್ತೀನಿ. ಗೋಡೆ ಒಡೀಬೇಡಿ ಅನ್ನೋದು ಜಿಪುಣತನ ಅಲ್ಲ. ಅಡುಗೆಮನೆ ಟೈಲ್ಸ್ ಒಡೆದ್ರೆ ಅದೇ ಬಣ್ಣ ಮತ್ತೆ ಸಿಗಲ್ಲ. ಆದ್ರೆ ಸಿಂಕ್ ಕೆಳಗಿನ ಪೈಪು ಬದಲಾಯಿಸಿಕೊಳ್ತೀವಿ ಅಂದ್ರೆ ಯಾವ ಓನರೂ ಬೇಡ ಅನ್ನಲ್ಲ, ಅರ್ಧ ಖರ್ಚು ಕೊಡೋರೂ ಇದ್ದಾರೆ. ಕೇಳಿ ನೋಡಿ ಮೇಡಂ. ಉಬ್ಬಿದ ಪ್ಲೈವುಡ್ ಫೋಟೋ ಮೊದಲು ಕಳಿಸಿ, ಪೈಪಿನ ಮಾತು ಆಮೇಲೆ ತೆಗೀರಿ 🙂

ಮನೆ ಕಟ್ಟಿಸ್ತಿರೋರಿಗೆ: ಸಿಂಕ್ ಮೊದಲು ಕೊಂಡು ತಂದು ಮೂಲೆಯಲ್ಲಿಡಿ, ಆಮೇಲೆ ಗೋಡೆಗೆ ಪೈಪ್ ಬಿಡಿಸಿ. ಮೇಲೆ ಪ್ಲಂಬರ್ ಅಣ್ಣ ಹೇಳಿದ ರಗಳೆ ಅಷ್ಟಕ್ಕೇ ತಪ್ಪುತ್ತೆ.

ಹದಡಿ_ರೋಡ್_ಪಿಜಿ

ಇಷ್ಟು ಓದೋ ಬದಲು ತಿಂಗಳಿಗೊಂದು ಸಲ ಆಸಿಡ್ ಹುಯ್ರಿ ಗುರು, ಎಲ್ಲ ಕ್ಲೀನ್.

ಎಂಸಿಸಿ_ಬಿ_ಬ್ಲಾಕ್

ದಯವಿಟ್ಟು ಬೇಡ. ಬಚ್ಚಲು ತೊಳೆಯುವ ಆಸಿಡ್ ಹೈಡ್ರೋಕ್ಲೋರಿಕ್. ಪಿವಿಸಿಗೆ ಅದರಿಂದ ಅಷ್ಟೇನೂ ಆಗದು, ಆದರೆ ಸ್ಟೀಲ್ ಸಿಂಕಿನಲ್ಲಿ ಚುಕ್ಕೆ ಚುಕ್ಕೆ ಗುಳಿ ಬೀಳುತ್ತದೆ, ಕಪ್ಲಿಂಗಿನ ಹೊಳಪು ಹೋಗುತ್ತದೆ, ಜಿಡ್ಡು ಮಾತ್ರ ಕದಲುವುದಿಲ್ಲ. ಜಿಡ್ಡು ಕರಗಿಸುವುದು ಕಾಸ್ಟಿಕ್ ಸೋಡಾ. ಅದು ನೀರಿಗೆ ಬಿದ್ದರೆ ವಿಪರೀತ ಕಾಯುತ್ತದೆ, ಕಟ್ಟಿಕೊಂಡ ತೆಳು ಫ್ಲೆಕ್ಸಿಬಲ್ ಪೈಪಿನೊಳಗೆ ನಿಂತರೆ ಪೈಪೇ ಮೆತ್ತಗಾಗುತ್ತದೆ. ಆಮೇಲೆ ಅದನ್ನು ಬಿಚ್ಚುವವನ ಮುಖಕ್ಕೆ ಸಿಡಿಯುತ್ತದೆ. ಏನಾದರೂ ಹುಯ್ದಿದ್ದರೆ ಪ್ಲಂಬರ್ ಬಂದಾಗ ಮೊದಲು ಅದನ್ನು ಹೇಳಿ.

ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಹಾಕಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಪಾನಾ_ಸ್ಪ್ಯಾನರ್

ಸರ್ ಹೇಳಿದ್ದು ನೂರಕ್ಕೆ ನೂರು. ಹೇಳದೆ ಸುಮ್ನಿರ್ತಾರೆ, ನಾವು ನಟ್ಟು ಬಿಚ್ಚಿದ ಮೇಲೆ ಕೈ ಉರಿತೈತಿ. ಸ್ಪ್ರಿಂಗ್ ಕೇಬಲ್ಲೂ ಫ್ಲೆಕ್ಸಿಬಲ್ ಒಳಗೆ ಬಿಡಬೇಡ್ರಿ, ಮಡಿಕೆಗೆ ಸಿಕ್ಕಾಕ್ಕೊಂಡು ತೂತು ಮಾಡ್ತೈತಿ. ಪೈಪ್ ಬಿಚ್ಚಿ ಗೋಡೆ ಕಡೆಗೆ ಬಿಡ್ರಿ.

ಸರಸ್ವತಿನಗರ_ಟೀಚರ್

ನಮ್ಮನೆಯಲ್ಲಿ ಇದೇ ಕೆಲಸ ನಾನೇ ಮಾಡಿದ್ದು, ಹೆದರಬೇಡಿ ಅಕ್ಕ. ಗರಗಸದಲ್ಲಿ ಕುಯ್ದ ಮೇಲೆ ಒಳ ಅಂಚಿನ ಸಿಬಿರನ್ನ ಚಾಕುವಿನಿಂದ ಕೆರೆದು ತೆಗೀರಿ. ಅದು ಉಳಿದರೆ ಕೂದಲು, ಹಿಟ್ಟು ಹಿಡಿಯೋಕೆ ಅಲ್ಲೇ ಜಾಗ. ಸಲ್ಯೂಷನ್ ಹಚ್ಚೋ ಮುಂಚೆ ಎಲ್ಲಾ ತುಂಡು ಒಣಗಿದ್ದಾಗಲೇ ಜೋಡಿಸಿ ನೋಡಿ, ಪೆನ್ಸಿಲ್ಲಲ್ಲಿ ಗೆರೆ ಹಾಕಿಕೊಳ್ಳಿ. ಹಚ್ಚಿದ ಮೇಲೆ ಸ್ವಲ್ಪ ತಿರುಗಿಸಿ ಒತ್ತಿ ಹಿಡೀಬೇಕು, ಬಿಟ್ಟರೆ ಹಿಂದಕ್ಕೆ ಬರುತ್ತೆ. ಕಿಟಕಿ ತೆಗೆದಿರಿ, ಒಲೆ ಆರಿಸಿರಿ, ಸಲ್ಯೂಷನ್ ಬೆಂಕಿ ಹಿಡಿಯುತ್ತೆ.

ಪರೀಕ್ಷೆ ಮಾಡೋಕೆ ನಲ್ಲಿ ಬಿಟ್ಟು ನೋಡಿದರೆ ಸಾಲಲ್ಲ. ಸಿಂಕಿಗೆ ಮುಚ್ಚಳ ಹಾಕಿ ಪೂರ್ತಿ ತುಂಬಿಸಿ, ಕೆಳಗೆ ಒಣ ನ್ಯೂಸ್‌ಪೇಪರ್ ಹಾಸಿ, ಆಮೇಲೆ ಮುಚ್ಚಳ ಎಳೀರಿ. ಒಂದು ಹನಿ ಬಿದ್ದರೂ ಪೇಪರ್ ಹೇಳುತ್ತೆ.

ನನಗೆ ಇನ್ನೊಂದು ಕಂಡಿದ್ದು, ಗಂಜಿ. ನಮ್ಮನೆಯಲ್ಲಿ ಅನ್ನ ಬಸಿಯೋ ಪದ್ಧತಿ. ಕುದಿಯೋ ಗಂಜಿ ನೇರ ಸಿಂಕಿಗೆ ಹುಯ್ದರೆ ಪಿವಿಸಿಗೆ ಬಿಸಿ ಜಾಸ್ತಿ ಆಗುತ್ತೆ, ಜೊತೆಗೆ ತಣ್ಣಗಾದ ಮೇಲೆ ಅಂಟು. ಈಗ ಬಕೆಟ್ಟಿಗೆ ಬಸಿದು ಪಕ್ಕದ ಮನೆ ಎಮ್ಮೆಗೆ ಕೊಡ್ತೀವಿ. ಎಮ್ಮೆ ಇಲ್ಲದವರು ಆರಿಸಿ, ನೀರು ಬೆರೆಸಿ ಗಿಡಕ್ಕೆ ಹಾಕಿ.

ದುರ್ಗದ_ಕಲ್ಲು

ಕುದಿಯೋ ನೀರು ಹುಯ್ದರೆ ಬೆಣ್ಣೆ ಜಿಡ್ಡು ಕರಗಲ್ವಾ ಟೀಚರ್? ನಮ್ಮಮ್ಮ ದಿನಾ ರಾತ್ರಿ ಹುಯ್ತಾರೆ.

ಎಂಸಿಸಿ_ಬಿ_ಬ್ಲಾಕ್

ಕರಗುತ್ತದೆ, ಮುಂದೆ ಹೋಗಿ ಮತ್ತೆ ಗಟ್ಟಿಯಾಗುತ್ತದೆ. ನಿಮ್ಮ ಸಿಂಕಿನ ಕೆಳಗಿದ್ದ ಜಿಡ್ಡು ಗೋಡೆಯೊಳಗೆ ಹೋಗಿ ಕೂರುತ್ತದೆ, ಅಲ್ಲಿ ಕೈಗೂ ಸಿಗುವುದಿಲ್ಲ. ಪಿವಿಸಿ ಪೈಪ್ 60 ಡಿಗ್ರಿಯ ಆಚೆ ಮೆತ್ತಗಾಗತೊಡಗುತ್ತದೆ, ಕುದಿಯುವ ನೀರು 100. ಕೈ ತಡೆಯುವಷ್ಟು ಬಿಸಿಯ ನೀರು, ಪಾತ್ರೆ ಸೋಪು ಸ್ವಲ್ಪ ಹೆಚ್ಚು ಹಾಕಿ, ಸಿಂಕ್ ತುಂಬಿಸಿ ಒಮ್ಮೆಲೇ ಬಿಡಲು ಅಮ್ಮನಿಗೆ ಹೇಳಿ. ಸೋಪು ಜಿಡ್ಡನ್ನು ಹನಿ ಹನಿಯಾಗಿ ಒಡೆದು ನೀರಿನಲ್ಲೇ ತೇಲಿಸುತ್ತದೆ, ರಭಸ ಅದನ್ನು ಹೊರಗೆ ಒಯ್ಯುತ್ತದೆ.

ಬೋರ್ ನೀರಿನ ಮನೆಗಳಲ್ಲಿ ಬಟ್ಟೆ ಸೋಪು, ಮೈ ಸೋಪು ಕೂಡ ಗಡಸು ನೀರಿನ ಸುಣ್ಣದ ಜೊತೆ ಸೇರಿ ಬಿಳಿ ಗಸಿಯಾಗುತ್ತದೆ. ಬಚ್ಚಲ ಬೇಸಿನ್ ಪೈಪಿನಲ್ಲಿ ಬೂದು ಬಣ್ಣದ ಪದರ ಕಂಡರೆ ಅದೇ.

ನಿಟುವಳ್ಳಿ_ಬಾಡಿಗೆಮನೆ

ಓನರ್ ಒಪ್ಪಿದ್ರು. ಪ್ಲೈವುಡ್ ಫೋಟೋ ಕೆಲಸ ಮಾಡ್ತು, ವಿದ್ಯಾನಗರದವರಿಗೆ ಥ್ಯಾಂಕ್ಸ್. ಭಾನುವಾರ ಕೆಲಸ ಇಟ್ಕೊಂಡಿದೀವಿ. 45 ಬೆಂಡು, ಡೋರ್ ಬೆಂಡು, ರಬ್ಬರ್ ರಿಂಗ್, ನಟ್ ಅಡಾಪ್ಟರ್ ಬರ್ಕೊಂಡಿದೀನಿ. ಬೇಸಿನ್ನಿನ ಫ್ಲೆಕ್ಸಿಬಲ್ ಹಂಗೇ ಬಿಡ್ತೀನಿ, ಗಿಡ್ಡ ಇದೆ, ನೇರ ಇದೆ.

ಇನ್ನೊಂದೇ ಒಂದು. ವಾಷಿಂಗ್ ಮಷಿನ್ ಹೋಸನ್ನ ಸಿಂಕಿನ ಹೊಸ ಪೈಪಿಗೇ ಟೀ (T ಆಕಾರದ ಜೋಡಣೆ) ಹಾಕಿ ಸೇರಿಸಬಹುದಾ?

ಪಾನಾ_ಸ್ಪ್ಯಾನರ್

ಬೇಡ ಅಕ್ಕ. ಮಷಿನ್ ಪಂಪು ರಭಸಕ್ಕೆ ತಳ್ಳಿದಾಗ ನೊರೆ ಸಿಂಕಿನಾಗೆ ಮೇಲೆ ಬರ್ತೈತಿ. ಆ ಪಾತ್ರೆ ಕಟ್ಟೆ ಹತ್ರನೇ ನಹನಿ ಟ್ರ್ಯಾಪಿಗೆ ಬೇರೆ ಒಂದು 50ರ ಪೈಪ್ ನಿಲ್ಲಿಸ್ರಿ, ಬಾಯಿ ಮೇಲೆ ತೆರೆದಿರ್ಲಿ. ಮಷಿನ್ ಹೋಸು ಅದರ ಬಾಯಿಗೆ ಸಡಿಲವಾಗಿ ಇಳಿಬಿಡ್ರಿ, ಸುತ್ತ ಗಾಳಿ ಆಡ್ಬೇಕು. ಬಿಗಿಯಾಗಿ ತುರುಕಿ ಟೇಪ್ ಸುತ್ತಿದ್ರೆ ಮಷಿನ್ ಒಳಗಿನ ನೀರನ್ನೆಲ್ಲ ಅದೇ ಎಳ್ಕೊಂಡು ಹೋಗ್ತೈತಿ, ತುಂಬ್ತಾನೇ ಇರ್ತೈತಿ, ಖಾಲಿ ಆಗ್ತಾನೇ ಇರ್ತೈತಿ.

ಬೆಣ್ಣೆ_ಹೆಂಚು

ಆ ಪೈಪ್ ಎಷ್ಟು ಎತ್ತರ ನಿಲ್ಲಿಸಬೇಕು ಅಣ್ಣ? ನಮ್ಮನೆ ಮಷಿನ್ ನೀರು ತುಂಬೋವಾಗಲೇ ಆಚೆ ಹೋಗ್ತಿದೆ, ಹೋಸ್ ನೆಲದ ಮೇಲೇ ಬಿಟ್ಟಿದೀವಿ.

ಪಾನಾ_ಸ್ಪ್ಯಾನರ್

ಅದಕ್ಕೇ ಹೋಗ್ತೈತಿ. ಮುಂದೆ ಬಾಗಿಲಿರೋ ಮಷಿನ್ನಿಗೆ ಹೋಸಿನ ತುದಿ ಎರಡಡಿ ಮೇಲಾದ್ರೂ ಇರ್ಬೇಕು, ಮೂರಡಿ ದಾಟಬಾರದು, ದಾಟಿದ್ರೆ ಪಂಪಿಗೆ ಭಾರ. ನಿಮ್ಮ ಮಷಿನ್ ಬುಕ್ಕಿನಾಗೆ ಸರಿಯಾದ ಅಳತೆ ಬರ್ದಿರ್ತಾರೆ, ಅದನ್ನೇ ಹಿಡೀರಿ. ಅಲ್ಲೀತನಕ ಹೋಸನ್ನ ಕಿಟಕಿ ಸರಳಿಗೆ ಎತ್ತಿ ಕಟ್ಟಿ ಬಕೆಟ್ಟಿಗೆ ಬಿಡ್ರಿ. ಬಕೆಟ್ ತುಂಬೋದ್ರೊಳಗೆ ಯಾರಾದ್ರೂ ಹತ್ರ ಇರ್ರಿ ಮತ್ತೆ.